ಅಂಗಾಲಿನ ಗಂಟು ಆಣಿಯೇ ಆಗಿರಬೇಕೆಂದಿಲ್ಲ

ಅಬುಧಾಬಿಯ ಮುಸಫ್ಫಾದಲ್ಲೋ ದುಬೈನ ಅಲ್ ಕೂಝ್‌ನಲ್ಲೋ ದಿನವಿಡೀ ಸೇಫ್ಟಿ ಶೂ ತೊಟ್ಟು ನಿಲ್ಲುವ ಒಬ್ಬರ ಅಂಗಾಲಿನಲ್ಲಿ ಒಂದು ಕೆಂಪು ಗಂಟು ಎದ್ದಿತು ಅಂದುಕೊಳ್ಳಿ. ರೂಮಿನವರು ನೋಡಿ ಆಣಿ ಎನ್ನುತ್ತಾರೆ. ಫಾರ್ಮಸಿಯಿಂದ ಆಣಿಪಟ್ಟಿ ಬರುತ್ತದೆ. ಅದರಲ್ಲಿರುವ ಸ್ಯಾಲಿಸಿಲಿಕ್ ಆ್ಯಸಿಡ್ ಸುತ್ತಲಿನ ದಪ್ಪ ಚರ್ಮವನ್ನು ಬಿಳಿಚಿಸಿ ಸುಲಿಯುತ್ತದೆ, ಗಂಟು ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕಾರು ತಿಂಗಳಾದ ಮೇಲೆ ಇನ್ಯಾರೋ ನರಹುಲಿ ಎನ್ನುತ್ತಾರೆ. ಕ್ಲಿನಿಕ್ಕಿಗೆ ಹೋಗಿ ಲಿಕ್ವಿಡ್ ನೈಟ್ರೋಜನ್ ಹಾಕಿಸಿ ಸುಟ್ಟದ್ದಾಯಿತು. ಎರಡು ತಿಂಗಳಲ್ಲಿ ಅದೇ ಜಾಗದಲ್ಲಿ ಅದೇ ಗಂಟು, ಈ ಸಲ ಕಾಲುಚೀಲಕ್ಕೆ ರಕ್ತದ ಕಲೆಯೂ ಅಂಟಿದೆ.

ಆಣಿಯೂ ನರಹುಲಿಯೂ ಅಲ್ಲದ ಮೂರನೆಯದೊಂದು ಅಲ್ಲಿರಬಹುದು. ಬೆವರಿನ ಕೊಳವೆ ಚರ್ಮದ ಮೇಲ್ಪದರವನ್ನು ಹಾದು ಹೊರಬರುವ ಕೊನೆಯ ತುಂಡಿನ ಜೀವಕೋಶಗಳು ಗುಂಪುಗಟ್ಟಿ ಬೆಳೆದರೆ ಆಗುವ ಗಡ್ಡೆ ಅದು. ಪೊರೋಮ ಎಂದು ಹೆಸರು. 1956ರಲ್ಲಿ ಅಮೆರಿಕದ ಗೋಲ್ಡ್‌ಮನ್, ಪಿಂಕಸ್ ಮತ್ತು ರೋಗಿನ್ ಎಂಬ ಮೂವರು ವೈದ್ಯರು ಇದನ್ನು ಬೇರೆಯದೇ ಒಂದು ಗಡ್ಡೆಯೆಂದು ಗುರುತಿಸಿ ವಿವರಿಸಿದರು. ಕೆಂಪಗೆ, ಸ್ವಲ್ಪ ಒದ್ದೆಯಾಗಿ, ಮುಟ್ಟಿದರೆ ಸುಲಭವಾಗಿ ರಕ್ತ ಬರುವಂತೆ ಇರುತ್ತದೆ. ಎಷ್ಟೋ ಸಲ ಅದರ ಸುತ್ತ, ತೆಂಗಿನ ಬುಡಕ್ಕೆ ತೋಡಿದ ಪಾತಿಯ ಹಾಗೆ, ಒಂದು ಸಣ್ಣ ತಗ್ಗು ಕಾಣುತ್ತದೆ. ಆಣಿಗೆ ಆ ಪಾತಿ ಇರುವುದಿಲ್ಲ. ಗಡ್ಡೆ ನಿರುಪದ್ರವಿ, ಪೂರ್ತಿಯಾಗಿ ತೆಗೆದರೆ ಕಥೆ ಮುಗಿಯಿತು. ಆದರೆ ಹತ್ತಿಪ್ಪತ್ತು ವರ್ಷ ಹಾಗೇ ಬಿಟ್ಟ ಪೊರೋಮದೊಳಗಿಂದ ಪೊರೋಕಾರ್ಸಿನೋಮ ಎಂಬ ಕ್ಯಾನ್ಸರ್ ಹುಟ್ಟಿದ ನಿದರ್ಶನಗಳಿವೆ. ಆದ್ದರಿಂದಲೇ ಅದನ್ನು ಬರೀ ಸುಟ್ಟು ಮರೆಯುವುದು ಸರಿಯಲ್ಲ.

ಅಂಗಾಲು, ಅಂಗೈ ಪೊರೋಮದ ತವರು. ಅದೇ ಗಡ್ಡೆ ನೆತ್ತಿಯ ಮೇಲೋ ಬೆನ್ನಿನಲ್ಲೋ ಕಿವಿಯ ಹಿಂದೋ ಎದ್ದಾಗ ವೈದ್ಯರೂ ಎಡವುತ್ತಾರೆ. ವೈದ್ಯಪತ್ರಿಕೆಗಳಲ್ಲಿ ‘ಅಪರೂಪದ ಜಾಗದಲ್ಲಿ ಬೆವರು ಗ್ರಂಥಿಯ ಗಡ್ಡೆ’ ಎಂಬ ತಲೆಬರಹದ ವರದಿಗಳು ಬರುತ್ತಲೇ ಇರುತ್ತವೆ. ನನಗೆ ಈ ‘ಅಪರೂಪದ ಜಾಗ’ ಎಂಬ ಮಾತೇ ತುಸು ದಾರಿ ತಪ್ಪಿಸುವಂಥದ್ದು ಅನಿಸುತ್ತದೆ. ಬೆವರು ಗ್ರಂಥಿ ಇಲ್ಲದ ಜಾಗ ನಮ್ಮ ಮೈಮೇಲೆ ಎಷ್ಟಿದೆ? ತುಟಿಯ ಕೆಂಪು ಭಾಗ, ಉಗುರಿನ ಕೆಳಗಿನ ಹಾಸು, ಜನನಾಂಗದ ಕೆಲವು ಸೂಕ್ಷ್ಮ ಭಾಗ, ಅಷ್ಟೇ. ಬೆಕ್ಕು ನಾಯಿಗಳಿಗೆ ನೀರಿನಂಥ ಬೆವರು ಬರುವುದು ಪಂಜದ ಅಡಿಯಲ್ಲಿ ಮಾತ್ರ. ಮನುಷ್ಯನಿಗೆ ಅದು ಮೈತುಂಬ ಹರಡಿದೆ, 20ರಿಂದ 40 ಲಕ್ಷ ಗ್ರಂಥಿಗಳು. ಗಡ್ಡೆ ಎಲ್ಲಿ ಬೇಕಾದರೂ ಏಳಬಹುದು. ಅಪರೂಪವೆನಿಸುವುದು ನಮ್ಮ ಊಹೆಗೆ.

ಗ್ರಂಥಿಗಳಲ್ಲಿ ಎರಡು ಜಾತಿ ಎಂದು ವಿಂಗಡಿಸಿ 1922ರಲ್ಲಿ ಹೆಸರಿಟ್ಟದ್ದು ಜರ್ಮನಿಯ ಶೀಫರ್‌ಡೆಕರ್. ಮೊದಲನೆಯದು ಎಕ್ರಿನ್: ಚರ್ಮದ ಆಳದಲ್ಲಿ ನೂಲಿನ ಉಂಡೆಯಂತೆ ಸುತ್ತಿಕೊಂಡಿದ್ದು, ಅಲ್ಲಿಂದ ನೇರವಾಗಿ ಮೇಲೆ ಬಂದು, ಕೊನೆಯಲ್ಲಿ ಸ್ಕ್ರೂವಿನ ಹಾಗೆ ತಿರುಗುತ್ತ ಚರ್ಮದ ಮೇಲೆ ತೆರೆದುಕೊಳ್ಳುತ್ತದೆ. ಮೈ ತಂಪು ಮಾಡುವ ಕೆಲಸ ಇದರದು. ಎರಡನೆಯದು ಅಪೊಕ್ರಿನ್: ಕಂಕುಳು, ತೊಡೆಸಂದು, ಮೊಲೆತೊಟ್ಟಿನ ಸುತ್ತ ಇದ್ದು, ಕೂದಲಿನ ಬುಡಕ್ಕೆ ತೆರೆದುಕೊಂಡು, ಹರೆಯ ಬಂದ ಮೇಲೆ ಕೆಲಸ ಶುರುಮಾಡುವಂಥದ್ದು. ಈ ಎರಡನೆಯದರ ನೆಂಟರು ನಾವು ಎಣಿಸದ ಕಡೆಗಳಲ್ಲಿದ್ದಾರೆ. ಕಿವಿಯಲ್ಲಿ ಗುಗ್ಗೆ ಮಾಡುವ ಗ್ರಂಥಿ ಇದೇ ವಂಶದ್ದು. ರೆಪ್ಪೆಯ ಅಂಚಿನ ಮೋಲ್ ಗ್ರಂಥಿಯೂ ಹಾಗೆಯೇ. ಹೆಣ್ಣಿನ ಎದೆಯ ಹಾಲಿನ ಗ್ರಂಥಿ ಕೂಡ ಹುಟ್ಟಿನಲ್ಲಿ ಬೆವರು ಗ್ರಂಥಿಯ ಮಾರ್ಪಾಡು. ಈ ಕೊನೆಯ ಸಂಗತಿ ನೆನಪಿರಲಿ, ಮುಂದೆ ಕಂಕುಳಿನ ವಿಷಯದಲ್ಲಿ ಬೇಕಾಗುತ್ತದೆ.

ಗಲ್ಫ್‌ನಲ್ಲಿರುವವರು ಕೇಳುವ ಮೊದಲ ಪ್ರಶ್ನೆ: ಇಲ್ಲಿಯ ಬಿಸಿಲಿಗೆ ಇಷ್ಟು ಬೆವರುತ್ತೇವಲ್ಲ, ಅದರಿಂದಲೇ ಗಡ್ಡೆ ಬರುತ್ತದೆಯೇ? ಹಾಗೆ ಹೇಳಲು ಆಧಾರವಿಲ್ಲ. ಬಿಸಿಲಿಗೆ ಒಗ್ಗಿದಂತೆ ಗ್ರಂಥಿಗಳ ಸಂಖ್ಯೆ ಹೆಚ್ಚುವುದಿಲ್ಲ, ಒಂದೊಂದು ಗ್ರಂಥಿ ಸುರಿಸುವ ಬೆವರು ಹೆಚ್ಚುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ಯುಎಇ ನಿಯಮ ಇರುವುದು ಬಿಸಿಲಿನ ಆಘಾತ ತಪ್ಪಿಸಲು. ಬೆವರುಸಾಲೆ ಆ ತಿಂಗಳುಗಳಲ್ಲಿ ಯಾರನ್ನೂ ಬಿಡದು. ಅದು ಕೊಳವೆಯ ಬಾಯಿ ಕಟ್ಟಿಕೊಂಡು ಆಗುವ ಗುಳ್ಳೆ. ಗಡ್ಡೆಗೂ ಅದಕ್ಕೂ ನಂಟಿಲ್ಲ.

ಬಿಸಿಗೂ ಗಡ್ಡೆಗೂ ನಂಟಿಲ್ಲ ಎಂಬುದಕ್ಕೆ ಒಂದೇ ಒಂದು ಚಂದದ ಅಪವಾದವಿದೆ. ನ್ಯೂಯಾರ್ಕಿನ ಆ್ಯಂಡ್ರೂ ರಾಬಿನ್ಸನ್ ಎಂಬ ಚರ್ಮವೈದ್ಯ 1893ರಲ್ಲಿ ಹೈಡ್ರೋಸಿಸ್ಟೋಮ ಎಂಬುದರ ಬಗ್ಗೆ ಬರೆದ. ಕಣ್ಣಿನ ಸುತ್ತ, ಕೆನ್ನೆಯ ಮೇಲೆ, ಒಳಗೆ ನೀರು ತುಂಬಿದ ಸಣ್ಣಸಣ್ಣ ಗುಳ್ಳೆಗಳು. ಅವನು ಕಂಡ ರೋಗಿಗಳು ಬಿಸಿ ಹಬೆಯಲ್ಲಿ ಕೆಲಸ ಮಾಡುವ ಹೆಂಗಸರು, ಬಟ್ಟೆ ಒಗೆಯುವವರು, ಅಡುಗೆಯವರು. ಬೇಸಿಗೆಯಲ್ಲಿ ಗುಳ್ಳೆ ಉಬ್ಬುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ದುಬೈನ ಕರಾಮಾದ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆಕಾವಲಿಯ ಮುಂದೆ ನಿಂತವರಿಗೆ, ಲಾಂಡ್ರಿಯಲ್ಲಿ ಇಸ್ತ್ರಿ ಹಬೆಯ ನಡುವೆ ಇರುವವರಿಗೆ ಈ ವಿವರ ಹಳೆಯದೆನಿಸಲಾರದು. ಊರಿಗೆ ರಜೆಗೆ ಹೋದಾಗ ಇಳಿದು, ವಾಪಸಾದಾಗ ಮತ್ತೆ ಉಬ್ಬುವ ಗುಳ್ಳೆಯಾದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಅದೇ ಅರ್ಧ ರೋಗನಿರ್ಣಯ. ಸೂಜಿ ಚುಚ್ಚಿ ನೀರು ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ. ತಂಪಾದ ಜಾಗಕ್ಕೆ ಕೆಲಸ ಬದಲಿಸಿದರೆ ಎಷ್ಟೋ ಮಂದಿಗೆ ಕಡಿಮೆಯಾಗುತ್ತದೆ. ಫೋರ್‌ಮನ್ ಒಪ್ಪಬೇಕಷ್ಟೆ.

ಕಣ್ಣಿನ ಕೆಳಗೆ ಬರುವ ಇನ್ನೊಂದು ಸಿರಿಂಗೋಮ. ಮೈಬಣ್ಣದ, ಸಾಸಿವೆ ಗಾತ್ರದ ಗಟ್ಟಿ ಗುಳ್ಳೆಗಳು, ಹೆಂಗಸರಲ್ಲಿ ಹೆಚ್ಚು, ಡೌನ್ ಸಿಂಡ್ರೋಮ್ ಇರುವವರಲ್ಲಿ ಇನ್ನೂ ಹೆಚ್ಚು. ಇದನ್ನು ಬ್ಯೂಟಿ ಪಾರ್ಲರಿನವರೂ ಗುರುತಿಸುತ್ತಾರೆ. ಅದೇ ಸಿರಿಂಗೋಮ ಎದೆ, ಕುತ್ತಿಗೆ, ಹೊಟ್ಟೆಯ ಮೇಲೆ ಒಮ್ಮೆಲೇ ನೂರಾರು ಎದ್ದರೆ ಅಲರ್ಜಿ ಎಂದು ಮುಲಾಮು ಹಚ್ಚುತ್ತ ವರ್ಷ ಕಳೆಯುತ್ತಾರೆ. ಜನನಾಂಗದ ಹೊರ ಚರ್ಮದಲ್ಲಿ ಬಂದು ತುರಿಸತೊಡಗಿದರೆ ಫಂಗಸ್ ಔಷಧಿ ಶುರುವಾಗುತ್ತದೆ, ನಾಚಿಕೆಯಿಂದ ಮಾತೂ ನಿಲ್ಲುತ್ತದೆ. ಮೈಕ್ರೋಸ್ಕೋಪಿನಲ್ಲಿ ಈ ಗಡ್ಡೆಯ ಕೊಳವೆಗಳು ಗೊದಮೊಟ್ಟೆಯ ಹಾಗೆ, ಗುಂಡು ತಲೆ ಸಣ್ಣ ಬಾಲ ಇಟ್ಟುಕೊಂಡು ಕಾಣುತ್ತವೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಗೊದಮೊಟ್ಟೆ ಮೋಸವನ್ನೂ ಮಾಡುತ್ತದೆ. ಮೇಲ್ತುಟಿ, ಗಲ್ಲದ ಸುತ್ತ ಬರುವ ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮ ಎಂಬ ಕ್ಯಾನ್ಸರನ್ನು 1982ರಲ್ಲಿ ಗೋಲ್ಡ್‌ಸ್ಟೀನ್, ಬಾರ್, ಸಾಂತಾ ಕ್ರೂಸ್ ವಿವರಿಸಿದರು. ಅದರ ಮೇಲ್ಪದರವೂ ಸಿರಿಂಗೋಮದ ಹಾಗೇ ಕಾಣುತ್ತದೆ. ಆಳಕ್ಕೆ ಹೋದಂತೆ ಅದು ನರಗಳ ಗುಂಟ ಹರಿದಾಡಿರುತ್ತದೆ. ಮೇಲಿಂದ ಮೇಲೆ ತೆಳ್ಳಗೆ ಕೆರೆದು ಕಳಿಸಿದ ಚೂರನ್ನು ನೋಡಿದ ಪೆಥಾಲಜಿಸ್ಟ್ ‘ಸಿರಿಂಗೋಮ’ ಎಂದು ಬರೆದರೆ ತಪ್ಪು ಅವರದಲ್ಲ, ಆಳ ಸಾಲದ ಚೂರಿನದು. ತುಟಿಯ ಮೇಲೆ ಗಾಯದ ಕಲೆಯಂತೆ ಬಿಗಿದುಕೊಂಡ, ಜೋಮು ಹಿಡಿದಂತೆನಿಸುವ ಗಟ್ಟಿ ಜಾಗವಿದ್ದರೆ ಆಳವಾಗಿ ತೆಗೆಯಿರಿ ಎಂದು ಕೇಳುವ ಹಕ್ಕು ರೋಗಿಗಿದೆ.

ಇನ್ನು ಕಂಕುಳು. ಮಧ್ಯವಯಸ್ಸಿನ ಹೆಂಗಸಿನ ಕಂಕುಳಿನಲ್ಲಿ ಗಂಟು ಸಿಕ್ಕರೆ ಮೊದಲು ಎದೆಯ ಕ್ಯಾನ್ಸರ್ ನೆನಪಾಗುವುದು ಸಹಜ, ಸರಿಯೂ ಹೌದು. ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್ ಆಗಲೇಬೇಕು. ಅವೆರಡೂ ಚೊಕ್ಕವಿದ್ದು ಗಂಟಿನಿಂದ ತೆಗೆದ ಚೂರಿನಲ್ಲಿ ಮಾತ್ರ ಕ್ಯಾನ್ಸರ್ ಸಿಕ್ಕರೆ ನಿಜವಾದ ತೊಡಕು ಶುರು. ಇದು ಎಲ್ಲೋ ಅಡಗಿದ ಎದೆಯ ಕ್ಯಾನ್ಸರ್ ಇಲ್ಲಿಗೆ ಹರಡಿದ್ದೋ, ಕಂಕುಳಿನ ಬೆವರು ಗ್ರಂಥಿಯಲ್ಲೇ ಹುಟ್ಟಿದ್ದೋ? ಹಾಲಿನ ಗ್ರಂಥಿ ಬೆವರು ಗ್ರಂಥಿಯ ತಂಗಿ ಎಂದೆನಲ್ಲ, ಮೈಕ್ರೋಸ್ಕೋಪಿನಲ್ಲಿ ಅಕ್ಕತಂಗಿಯರ ಮುಖ ಒಂದೇ. ಈಸ್ಟ್ರೋಜೆನ್ ಗ್ರಾಹಿಯ ಪರೀಕ್ಷೆ ಕೂಡ ಎರಡರಲ್ಲೂ ಪಾಸಿಟಿವ್ ಬರಬಹುದು. ಆಗ ಪಿ63, ಪೊಡೊಪ್ಲಾನಿನ್ ಎಂಬ ಪ್ರೋಟೀನುಗಳಿಗೆ ಬಣ್ಣ ಕಟ್ಟಿ ನೋಡುತ್ತಾರೆ. ಚರ್ಮದಲ್ಲೇ ಹುಟ್ಟಿದ ಗಡ್ಡೆಯಲ್ಲಿ ಇವು ಸಾಮಾನ್ಯವಾಗಿ ಇರುತ್ತವೆ, ಬೇರೆಡೆಯಿಂದ ಹರಡಿ ಬಂದದ್ದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸಾಮಾನ್ಯವಾಗಿ ಎಂದು ಎರಡು ಸಲ ಹೇಳಿದ್ದು ಬೇಕೆಂದೇ. ಚೂರನ್ನು ಪರೀಕ್ಷಿಸುವವರಿಗೆ ಮ್ಯಾಮೋಗ್ರಾಮ್ ವರದಿ, ಹಿಂದಿನ ಆಪರೇಷನ್ನಿನ ವಿವರ ಸಿಗದಿದ್ದರೆ ಅವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಅಬುಧಾಬಿಯಲ್ಲಿ ಮಲಫ್ಫಿ, ದುಬೈಯಲ್ಲಿ ನಬಿದ್ ಎಂಬ ವ್ಯವಸ್ಥೆಗಳು ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ಕಾಣುವಂತೆ ಮಾಡಿವೆ. ಆದರೆ ಊರಿನಲ್ಲಿ, ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಸಿದ್ದು ಅದರಲ್ಲಿ ಬರುವುದಿಲ್ಲ. ಅದನ್ನು ಫೋನಿನಲ್ಲಿ ಫೋಟೊ ತೆಗೆದಾದರೂ ಇಟ್ಟುಕೊಂಡಿರಬೇಕು.

ಹೆಂಗಸರಿಗೇ ಸಂಬಂಧಿಸಿದ ಇನ್ನೊಂದು ಗಡ್ಡೆಯ ಇತಿಹಾಸ ಸೊಗಸಾಗಿದೆ. ಜನನಾಂಗದ ತುಟಿಗಳ ನಡುವಿನ ಮಡಿಕೆಯಲ್ಲಿ ಬಟಾಣಿ ಗಾತ್ರದ ಗಂಟು, ಹೈಡ್ರಡಿನೋಮ ಪ್ಯಾಪಿಲ್ಲಿಫೆರಮ್. ಒಳಗೆ ನೋಡಿದರೆ ಎದೆಯ ಹಾಲುನಾಳದಲ್ಲಿ ಬರುವ ಪ್ಯಾಪಿಲ್ಲೋಮದ ಪಡಿಯಚ್ಚು. ಎದೆಯ ಗಡ್ಡೆ ಇಲ್ಲಿ ಹೇಗೆ? ಭ್ರೂಣದಲ್ಲಿ ಕಂಕುಳಿನಿಂದ ತೊಡೆಸಂದಿನವರೆಗೆ ಮೊಲೆಯ ಗೆರೆ ಇರುತ್ತದಲ್ಲ, ಅದರ ಉಳಿಕೆ ಎಂದು ಬಹುಕಾಲ ನಂಬಿದ್ದರು. ಆಮೇಲೆ ವಾನ್ ಡೆರ್ ಪುಟೆ ಎಂಬ ಡಚ್ ಪೆಥಾಲಜಿಸ್ಟ್, ಆ ಭಾಗದಲ್ಲಿ ಎಲ್ಲ ಹೆಂಗಸರಲ್ಲೂ ಇರುವ, ಹಾಲಿನ ಗ್ರಂಥಿಯನ್ನು ಹೋಲುವ ಬೇರೆಯದೇ ಗ್ರಂಥಿಗಳಿವೆ ಎಂದು ತೋರಿಸಿದ. ಗಡ್ಡೆಯ ಮೂಲ ಅಲ್ಲಿದೆ. ರೆಪ್ಪೆ, ಕಿವಿಯ ನಾಳದಲ್ಲಿ ಒಮ್ಮೊಮ್ಮೆ ಇದು ಸಿಗುವುದಕ್ಕೂ ಅಲ್ಲಿರುವ ಅಪೊಕ್ರಿನ್ ನೆಂಟರೇ ಕಾರಣ. ಗಡ್ಡೆ ಸಾಧು ಸ್ವಭಾವದ್ದು, ತೆಗೆದರೆ ಮುಗಿಯಿತು. ಲೈಂಗಿಕ ರೋಗವೆಂದು ಹೆದರಿ ತೋರಿಸದೇ ಇರುವವರೇ ಹೆಚ್ಚು.

ಬೆರಳ ತುದಿಯದು ಇದಕ್ಕೆ ತದ್ವಿರುದ್ಧ. ಉಗುರುಸುತ್ತು ಎಂದೋ ನೀರಗುಳ್ಳೆ ಎಂದೋ ತೋರುವ, ನೋವಿಲ್ಲದ ಗಂಟು, ಹೆಚ್ಚಾಗಿ ಐವತ್ತರ ಆಸುಪಾಸಿನ ಗಂಡಸರ ಕೈಬೆರಳಿನಲ್ಲಿ. ಡಿಜಿಟಲ್ ಪ್ಯಾಪಿಲ್ಲರಿ ಅಡಿನೋಕಾರ್ಸಿನೋಮ ಎಂಬ ಈ ಕ್ಯಾನ್ಸರ್ ಗಾತ್ರದಲ್ಲಿ ಸಣ್ಣದಾದರೂ ಶ್ವಾಸಕೋಶದವರೆಗೆ ಹೋಗಬಲ್ಲದು. ಹ್ಯೂಮನ್ ಪ್ಯಾಪಿಲ್ಲೋಮ ವೈರಸ್ಸಿನ 42ನೆಯ ತಳಿಯೇ ಇದನ್ನು ಹುಟ್ಟಿಸುತ್ತದೆ ಎಂಬುದು ತೀರಾ ಈಚಿನ ವರ್ಷಗಳಲ್ಲಿ ಗೊತ್ತಾದ ಸಂಗತಿ. ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು ಬೆರಳಿಗೆ ಏನೇ ಆದರೂ ‘ಪೆಟ್ಟು ಬಿದ್ದದ್ದು’ ಎನ್ನುತ್ತಾರೆ. ಪೆಟ್ಟಿನ ಊತ ವಾರಗಳಲ್ಲಿ ಇಳಿಯುತ್ತದೆ. ಎರಡು ಮೂರು ತಿಂಗಳಾದರೂ ಇಳಿಯದ್ದಕ್ಕೆ ಬೇರೆ ಕಾರಣ ಹುಡುಕಬೇಕು.

ಮೂಗಿನ ಬಳಿ ಬರುವ ಕಾಂಡ್ರಾಯ್ಡ್ ಸಿರಿಂಗೋಮದೊಳಗೆ ಮೃದ್ವಸ್ಥಿಯಂಥ ಅಂಶ ಸಿಗುತ್ತದೆ, ಕೆನ್ನೆಯ ಜೊಲ್ಲುಗ್ರಂಥಿಯ ಗಡ್ಡೆಯ ಹಾಗೇ. ಅದೇ ಗಡ್ಡೆ ಕಾಲಿನಲ್ಲೋ ಮುಂಡದಲ್ಲೋ ಬಂದರೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ, ಕೆಟ್ಟ ಬಗೆಯವು ಅಲ್ಲಿ ಹೆಚ್ಚು ಸಿಕ್ಕಿವೆ. ಮುಟ್ಟಿದರೆ ಜೀವ ಹೋಗುವಷ್ಟು ನೋಯುವ ನೀಲಿ ಗಂಟು ಸ್ಪೈರಡಿನೋಮ ಇರಬಹುದು. ನೆತ್ತಿಯ ತುಂಬ ಟೊಮೇಟೊ ಗೊಂಚಲಿನಂತೆ ಏಳುವ ಸಿಲಿಂಡ್ರೋಮಗಳು ಒಂದೇ ಮನೆಯ ಹಲವರಿಗೆ ಬರುತ್ತವೆ. ಅದರ ಜೀನ್ 2000ದಲ್ಲಿ ಸಿಕ್ಕಿತು, 16ನೇ ವರ್ಣತಂತುವಿನಲ್ಲಿದೆ. ಮನೆಯಲ್ಲಿ ಅಜ್ಜಿಗೂ ಅಪ್ಪನಿಗೂ ಇಂಥ ಗಂಟುಗಳಿದ್ದವೇ ಎಂದು ಡಾಕ್ಟರು ಕೇಳುವುದು ಇದಕ್ಕೇ.

ಈಗ ಕೆಲಸದ ಮಾತು. ಇಷ್ಟೊಂದು ಹೆಸರುಗಳಲ್ಲಿ ಯಾವುದೆಂದು ಕಣ್ಣಿನಿಂದ ಯಾರೂ ಹೇಳಲಾರರು. ಹೇಳುವುದು ಚರ್ಮದ ಚೂರು. ಆದ್ದರಿಂದ ಲೇಸರ್, ಕಾಟರಿ, ನೈಟ್ರೋಜನ್ ಯಾವುದನ್ನಾದರೂ ಮಾಡಿಸುವ ಮೊದಲು ‘ಬಯಾಪ್ಸಿಗೆ ಕಳಿಸುತ್ತೀರಾ?’ ಎಂದು ಕೇಳಬೇಕು. ಸುಟ್ಟ ಮೇಲೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಸಣ್ಣ ಗಂಟಾದರೆ ಇಡಿಯಾಗಿ ತೆಗೆಯುತ್ತಾರೆ, ದೊಡ್ಡದಾದರೆ ಮೂರು ನಾಲ್ಕು ಮಿಲಿಮೀಟರಿನ ಪಂಚ್ ಉಪಕರಣದಿಂದ ಆಳದವರೆಗೆ ಒಂದು ಚೂರು. ಅದು ಫಾರ್ಮಲಿನ್ ಡಬ್ಬಿಗೆ ಬೀಳುತ್ತದೆ, ಲ್ಯಾಬಿನಲ್ಲಿ ಮೇಣದಲ್ಲಿ ಹುದುಗಿ ಬ್ಲಾಕ್ ಆಗುತ್ತದೆ, ಕೂದಲಿನ ದಪ್ಪಕ್ಕಿಂತ ಎಷ್ಟೋ ತೆಳುವಾದ ಪದರಗಳಾಗಿ ಕೊಯ್ದು ಗಾಜಿನ ಮೇಲೆ ಬರುತ್ತದೆ. ವರದಿಯಲ್ಲಿ ಗಡ್ಡೆಯ ಹೆಸರಿನಷ್ಟೇ ಮುಖ್ಯ ಇನ್ನೊಂದು ಸಾಲು: ಅಂಚು, ಅಂದರೆ ಮಾರ್ಜಿನ್. ಅಂಚಿನವರೆಗೂ ಗಡ್ಡೆ ಇದ್ದರೆ ಒಳಗೆ ಉಳಿದಿದೆ ಎಂದರ್ಥ.

ದುಡ್ಡಿನ ವಿಷಯ. ಅಬುಧಾಬಿಯಲ್ಲಿ 2005ರ ಕಾನೂನು, ದುಬೈಯಲ್ಲಿ 2013ರ 11ನೇ ಕಾನೂನು ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿವೆ. 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್ ಮುಂತಾದ ಕಡೆಯ ಖಾಸಗಿ ನೌಕರರಿಗೂ ಬಂದಿದೆ. ಪ್ರೀಮಿಯಂ ಕಟ್ಟಬೇಕಾದವರು ಮಾಲೀಕರು. ತೊಂದರೆ ಬರುವುದು ಅಪ್ರೂವಲ್‌ನಲ್ಲಿ. ಚರ್ಮದ ಗಂಟು ಎಂದೊಡನೆ ‘ಸೌಂದರ್ಯದ ಚಿಕಿತ್ಸೆ’ ಎಂದು ಕಂಪನಿ ತಿರಸ್ಕರಿಸಬಹುದು. ಗಂಟು ಬೆಳೆಯುತ್ತಿದೆ, ರಕ್ತ ಬರುತ್ತದೆ, ನೋಯುತ್ತದೆ, ಒಮ್ಮೆ ತೆಗೆದ ಮೇಲೆ ಮತ್ತೆ ಬಂದಿದೆ, ಕ್ಯಾನ್ಸರಿನ ಶಂಕೆ ಇದೆ: ಇವುಗಳಲ್ಲಿ ನಿಜವಾದದ್ದನ್ನು ವೈದ್ಯರು ಅರ್ಜಿಯಲ್ಲೇ ಬರೆದಿರಬೇಕು. ಹಾಗೆ ಬರೆಯಬೇಕಾದರೆ ನಾವು ಮೊದಲು ಬಾಯಿಬಿಟ್ಟು ಹೇಳಬೇಕು. ಭಾಷೆಯ ನೆಪ ಇಲ್ಲಿ ಹೆಚ್ಚು ನಡೆಯದು. ಕಾಪುವಿನ ಬಿ. ಆರ್. ಶೆಟ್ಟರು 1975ರಲ್ಲಿ ಅಬುಧಾಬಿಯಲ್ಲಿ ಎನ್‌ಎಂಸಿ ತೆರೆದ ಕಾಲದಿಂದ ಇಲ್ಲಿಯ ಆಸ್ಪತ್ರೆಗಳಲ್ಲಿ ಕನ್ನಡ, ತುಳು ಬಲ್ಲ ಡಾಕ್ಟರು, ನರ್ಸ್ ಸಿಗುತ್ತಲೇ ಬಂದಿದ್ದಾರೆ.

ಕ್ಯಾಂಪುಗಳಲ್ಲಿ ಇನ್ನೊಂದು ಭಯ ಇದೆ, ಗಂಟು ಕಂಡರೆ ವೀಸಾ ಹೋಗುತ್ತದೆ ಎಂದು. ವೀಸಾ ಮೆಡಿಕಲ್‌ನಲ್ಲಿ ಹುಡುಕುವುದು ಎಚ್‌ಐವಿ, ಕ್ಷಯ, ಕುಷ್ಠದಂಥ ಹರಡುವ ರೋಗಗಳನ್ನು. ಬೆವರು ಗ್ರಂಥಿಯ ಗಡ್ಡೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅಂಗಾಲು ಕೊಯ್ಸಿಕೊಂಡರೆ ಎರಡು ಮೂರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಅದಕ್ಕೆ ಕಾರ್ಮಿಕ ಕಾನೂನಿನಲ್ಲಿ ದಾರಿ ಇದೆ: ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ, ಅದರಲ್ಲಿ ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಸಂಬಳವಿಲ್ಲ. ಕಾಯಿಲೆ ಬಿದ್ದ ಮೂರು ಕೆಲಸದ ದಿನಗಳೊಳಗೆ ಕಂಪನಿಗೆ ತಿಳಿಸಿ ವೈದ್ಯರ ಪತ್ರ ಕೊಡಬೇಕು.

ವರದಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ಮೊದಲ ಮದ್ದು ಮತ್ತೆ ಕತ್ತಿಯೇ, ಈ ಸಲ ಅಗಲವಾದ ಅಂಚಿನೊಂದಿಗೆ. ಮುಖದಂಥ ಕಡೆ, ಒಂದೊಂದೇ ಪದರ ತೆಗೆದು ಅಲ್ಲೇ ಮೈಕ್ರೋಸ್ಕೋಪಿನಲ್ಲಿ ಅಂಚು ನೋಡುತ್ತ ಹೋಗುವ ಮೋಹ್ಸ್ ವಿಧಾನ ಚರ್ಮವನ್ನು ಉಳಿಸುತ್ತದೆ. ಪೊರೋಕಾರ್ಸಿನೋಮದಲ್ಲಿ ಸುಮಾರು ಐದರಲ್ಲೊಂದು ಅದೇ ಜಾಗಕ್ಕೆ ಮರಳುತ್ತದೆ, ಸುಮಾರು ಐದರಲ್ಲೊಂದು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ವೈದ್ಯರು ಹೇಳುತ್ತಾರೆ. ಆದ್ದರಿಂದ ಅಂಗಾಲಿನ ಗಡ್ಡೆಗೆ ತೊಡೆಸಂದನ್ನೂ ಕೈಯದಕ್ಕೆ ಕಂಕುಳನ್ನೂ ತಡವಿ ನೋಡುತ್ತಾರೆ, ವರ್ಷಗಟ್ಟಲೆ. ಇಂಥದ್ದಕ್ಕೆ ಎಲ್ಲ ವಿಭಾಗದವರೂ ಒಂದೆಡೆ ಕೂತು ತೀರ್ಮಾನಿಸುವ ಆಸ್ಪತ್ರೆಯೇ ಬೇಕು. ಅಲ್ ಐನ್‌ನ ತವಾಮ್ ಆಸ್ಪತ್ರೆ 1979ರಿಂದ ಇದೆ, ಕ್ಯಾನ್ಸರ್ ಚಿಕಿತ್ಸೆಗೆ ದೇಶದಲ್ಲೇ ಹಳೆಯ ಹೆಸರು.

ಊರಿಗೆ ಹೋಗಿಯೇ ಚಿಕಿತ್ಸೆ ಮಾಡಿಸುತ್ತೇನೆ ಎನ್ನುವವರು ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿಗೋ ಬರೀ ವರದಿಯ ಕಾಗದ ಹಿಡಿದು ಹೋದರೆ, ಅಲ್ಲಿಯವರು ಮೊದಲು ಕೇಳುವುದು ಸ್ಲೈಡ್ ಮತ್ತು ಬ್ಲಾಕ್. ಇಷ್ಟು ಅಪರೂಪದ ಗಡ್ಡೆಯನ್ನು ಇನ್ನೊಬ್ಬರ ಕಾಗದ ನಂಬಿ ಯಾರೂ ಕೊಯ್ಯುವುದಿಲ್ಲ. ವಿಮಾನ ಹತ್ತುವ ಒಂದು ವಾರ ಮೊದಲೇ ಲ್ಯಾಬಿಗೆ ಎಮಿರೇಟ್ಸ್ ಐಡಿ ಜೊತೆ ಅರ್ಜಿ ಕೊಟ್ಟು ಅವನ್ನು ಪಡೆದುಕೊಳ್ಳಬೇಕು. ಗಾಜಿನ ಸ್ಲೈಡುಗಳನ್ನು ಅವುಗಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಇಟ್ಟು ಕೈಚೀಲದಲ್ಲಿ ಒಯ್ಯಬೇಕು. ಬ್ಲಾಕನ್ನು ಪಾರ್ಕ್ ಮಾಡಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬಾರದು. ಅದು ಮೇಣ, ಆಗಸ್ಟ್ ತಿಂಗಳ ದುಬೈಯಲ್ಲಿ ಕಾರಿನೊಳಗೆ ಕರಗಿಹೋಗುತ್ತದೆ.